ನಿಂತು ಚಹಾ ಮಾಡಬಹುದಾದ ದೋಣಿ: ಹಳೆ ವೆಸ್ಟರ್ಲಿ ಸೆಂಟಾರ್ ನೋಡಿ ಬಂದೆ

ಒಂದೂವರೆ ವರ್ಷದಿಂದ ಶನಿವಾರ ಬಂತೆಂದರೆ ನಾನು ಹಳೆ ದೋಣಿ ನೋಡಲು ಹೊರಡುತ್ತೇನೆ. ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್, ಗಾಸ್‌ಪೋರ್ಟ್, ಚಿಚೆಸ್ಟರ್ ಕಡೆಯ ಬೋಟ್‌ಯಾರ್ಡ್ ನಾಯಿಗಳಿಗೂ ಈಗ ನನ್ನ ಗುರುತು ಇದೆ, ಬೊಗಳುವುದಿಲ್ಲ. ನನಗೆ ಬೇಕಾಗಿದ್ದ ದೋಣಿ ಸಮುದ್ರಕ್ಕೆ ಇಳಿಯಬೇಕು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಅದರಲ್ಲೇ ಇರುವಂತಿರಬೇಕು. ಒಳಗಿನ ಮರಗೆಲಸ, ವೈರಿಂಗ್ ನಾನೇ ಮಾಡಿಕೊಳ್ಳುವಂತಿರಬೇಕು. ಬೆಲೆ 5,000 ಪೌಂಡ್ ದಾಟಬಾರದು.

ಹುಟ್ಟಿದ್ದು ತದಡಿಯಲ್ಲಿ. ಅಘನಾಶಿನಿ ಸಮುದ್ರ ಸೇರುವ ಜಾಗ. ಅಪ್ಪನ ಪಾತಿದೋಣಿಯಲ್ಲಿ ಕೂತು ಬೆಳೆದವನಿಗೆ ದೋಣಿ ಗೊತ್ತು ಅನ್ನೋ ಜಂಬ ಇತ್ತು. ಇಲ್ಲಿಯ ಹಾಯಿದೋಣಿಗಳ ಮುಂದೆ ಆ ಜಂಬ ಎರಡೇ ವಾರದಲ್ಲಿ ಇಳಿಯಿತು.

ಮೊದಲು ನೋಡಿದ್ದು ಕಾಂಟೆಸ್ಸಾ 26. ಏನು ಚೆಂದ ಅಂತೀರಿ! ಟಾನಿಯಾ ಏಬಿ ಎಂಬ ಹುಡುಗಿ 18ನೇ ವಯಸ್ಸಿನಲ್ಲಿ, 1985ರಲ್ಲಿ, ನ್ಯೂಯಾರ್ಕಿನಿಂದ ಒಬ್ಬಳೇ ಹೊರಟು ಭೂಮಿ ಸುತ್ತಿ 1987ರಲ್ಲಿ ವಾಪಸ್ ಬಂದದ್ದು ಇಂಥದ್ದೇ ದೋಣಿಯಲ್ಲಿ. ಸಮುದ್ರಕ್ಕೆ ಇದಕ್ಕಿಂತ ನಂಬಿಕಸ್ತ ಚಿಕ್ಕ ದೋಣಿ ಸಿಗುವುದು ಕಷ್ಟ. ಆದರೆ ಒಳಗೆ ಇಳಿದ ಕೂಡಲೇ ನನ್ನ ಬೆನ್ನು ಬಾಗಿತು. ಹತ್ತು ನಿಮಿಷ ಬಾಗಿಕೊಂಡೇ ಓಡಾಡಿದೆ. ಹುಡುಗಿಗೆ 18, ನನಗೆ 51. ಹರ್ಲಿ 22 ಇನ್ನೂ ಗಟ್ಟಿ, ಇನ್ನೂ ಚಿಕ್ಕದು. ಅದರಲ್ಲಿ ಕೂತೇ ಪ್ಯಾಂಟ್ ಹಾಕಿಕೊಳ್ಳಬೇಕು. ಅದನ್ನು ಬೇಗ ಬಿಟ್ಟೆ.

ಆಮೇಲೆ ಸೆಂಟಾರ್.

ಹೊರಗಿನಿಂದ ನೋಡಿದರೆ ಅಂಥ ರೂಪವಂತ ಅಲ್ಲ. ಅಡ್ಡಕ್ಕೆ ಬೆಳೆದ ಮೈ, ಎತ್ತರದ ಪಕ್ಕೆ, ಮೇಲೆ ಡಬ್ಬಿಯಂಥ ಕ್ಯಾಬಿನ್. 26 ಅಡಿ ಉದ್ದ, ಸುಮಾರು ಎಂಟೂವರೆ ಅಡಿ ಅಗಲ, ತೂಕ ಮೂರು ಟನ್. ಲಾರೆಂಟ್ ಗೈಲ್ಸ್ ಕಂಪನಿಯ ವಿನ್ಯಾಸ. 1969ರಿಂದ 1980ರವರೆಗೆ ಪೋರ್ಟ್ಸ್‌ಮತ್ ಹತ್ತಿರದ ವಾಟರ್ಲೂವಿಲ್‌ನಲ್ಲಿ ಎರಡು ಸಾವಿರದ ನಾಲ್ಕುನೂರಕ್ಕೂ ಜಾಸ್ತಿ ತಯಾರಾದವು. ವೆಸ್ಟರ್ಲಿ ಕಂಪನಿ ಶುರು ಮಾಡಿದ ಡೆನಿಸ್ ರೇನರ್ ಎರಡನೇ ಮಹಾಯುದ್ಧದಲ್ಲಿ ಯುದ್ಧನೌಕೆಯ ಕಮಾಂಡರ್ ಆಗಿದ್ದವರು. ಕಂಪನಿ ಈಗ ಇಲ್ಲ. ದೋಣಿಗಳು ಮಾತ್ರ ಇಲ್ಲಿಯ ಪ್ರತಿ ಕೊಲ್ಲಿಯಲ್ಲೂ ಒಂದೆರಡು ಕಾಣುತ್ತವೆ.

ನಾನು ನೋಡಿದ್ದು 1976ರದು. ಕೇಳಿದ ಬೆಲೆ 4,500 ಪೌಂಡ್. ಮೆಟ್ಟಿಲು ಇಳಿದು ನಿಂತೆ. ನಿಂತೇ ಇದ್ದೆ! ನಾನು 5 ಅಡಿ 8 ಇಂಚು, ತಲೆಯ ಮೇಲೆ ಇನ್ನೂ ನಾಲ್ಕು ಬೆರಳು ಜಾಗ. ಒಲೆ ಇದೆ, ಸಿಂಕ್ ಇದೆ, ಊಟದ ಮೇಜು ಇಳಿಸಿದರೆ ಇಬ್ಬರು ಮಲಗುವ ಹಾಸಿಗೆ. ಮುಂದಕ್ಕೆ ಶೌಚದ ಗೂಡು, ಅದರಾಚೆ ಮೂತಿಯಲ್ಲಿ ಇನ್ನೆರಡು ಹಾಸಿಗೆ. ಆ ಹೊತ್ತಿಗೇ ಮನಸ್ಸು ಹೋಯಿತು. ಹೋದ ಮನಸ್ಸನ್ನು ಎಳೆದು ತರಲು ಅಣ್ಣನಿಗೆ ವಿಡಿಯೊ ಕಾಲ್ ಮಾಡಿದೆ.

ಅಣ್ಣ ಒಲೆ ನೋಡಲಿಲ್ಲ, ಹಾಸಿಗೆ ನೋಡಲಿಲ್ಲ. "ಅಡಿ ನೋಡಿದ್ಯನಾ ತಮಾ? ಅಡಿ ತೋರ್ಸು" ಅಂದ.

ಸೆಂಟಾರ್‌ನ ಎಲ್ಲ ಕಥೆ ಇರುವುದು ಆ ಅಡಿಯಲ್ಲೇ. ಹಾಯಿದೋಣಿ ಮಗುಚದ ಹಾಗೆ ಅಡಿಯಲ್ಲಿ ನೀರಿಗೆ ಇಳಿಬಿಟ್ಟ ಭಾರದ ರೆಕ್ಕೆಗೆ ಕೀಲ್ ಅನ್ನುತ್ತಾರೆ. ಬೇರೆ ದೋಣಿಗಳಿಗೆ ನಡುವೆ ಒಂದು ಕೀಲ್ ಇದ್ದರೆ ಇದಕ್ಕೆ ಎರಡು. ಎಡಕ್ಕೊಂದು ಬಲಕ್ಕೊಂದು, ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ. ಎರಕದ ಕಬ್ಬಿಣದ್ದು. ನೀರಿನೊಳಗೆ ಇಳಿಯುವುದು ಬರೀ 3 ಅಡಿ. ಪೋರ್ಟ್ಸ್‌ಮತ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಭರತ ಇಳಿತದ ನಡುವೆ ಸುಮಾರು 4 ಮೀಟರ್ ವ್ಯತ್ಯಾಸ. ನೀರು ಇಳಿದಾಗ ಅರ್ಧ ಬಂದರು ಕೆಸರು. ಒಂಟಿ ಕೀಲಿನ ದೋಣಿ ಆ ಕೆಸರಲ್ಲಿ ಪಕ್ಕಕ್ಕೆ ಒರಗಿ ಬೀಳುತ್ತದೆ. ಸೆಂಟಾರ್ ನೆಟ್ಟಗೆ ಕೂರುತ್ತದೆ. ಮೇಜಿನ ಮೇಲಿಟ್ಟ ಲೋಟ ಜಾರುವುದಿಲ್ಲ. ವಾಸಕ್ಕೆ ಇದು ಸಣ್ಣ ಮಾತಲ್ಲ. ಕೆಸರಿನಲ್ಲಿ ದೋಣಿ ಕಟ್ಟುವ ಜಾಗಕ್ಕೆ (ಮೂರಿಂಗ್) ಕಟ್ಟೆ, ಕರೆಂಟು ಎಲ್ಲ ಇರುವ ಮರೀನಾದ ಬಾಡಿಗೆಗಿಂತ ಎಷ್ಟೋ ಕಡಿಮೆ ಖರ್ಚು.

ರೋಗ ಹುಟ್ಟುವುದೂ ಅಲ್ಲೇ. ದಿನಕ್ಕೆ ಎರಡು ಸಲ ಮೂರು ಟನ್ ತೂಕ ಆ ಎರಡು ಕಾಲಿನ ಮೇಲೆ ಕೂತು ಏಳುತ್ತದೆ. ಕೀಲುಗಳು ಹೊರಕ್ಕೆ ಚಾಚಿರುವುದರಿಂದ ಪ್ರತಿ ಸಲವೂ ಬುಡದ ಫೈಬರ್‌ಗ್ಲಾಸ್ ಸ್ವಲ್ಪ ಸ್ವಲ್ಪ ಮಣಿಯುತ್ತದೆ. 50 ವರ್ಷಕ್ಕೆ ಎಷ್ಟು ಸಲ ಆಯ್ತು, ನೀವೇ ಲೆಕ್ಕ ಹಾಕಿ. ಅದಕ್ಕೇ ಸೆಂಟಾರ್ ಕೊಳ್ಳುವವರು ಮೊದಲು ಕೇಳುವುದು "ಕೀಲ್ ಬುಡ ಬಲಪಡಿಸಿದೆಯಾ?" ಅಂತ.

ಕ್ರೇನಿನ ಪಟ್ಟಿಯಲ್ಲಿ ದೋಣಿ ನೇತಾಡುತ್ತಿದ್ದಾಗ ಯಾರ್ಡಿನ ಮುದುಕನೊಬ್ಬ ನನಗೆ ಪರೀಕ್ಷೆ ತೋರಿಸಿಕೊಟ್ಟ. ಬೂಟುಗಾಲಲ್ಲಿ ಕೀಲಿನ ತುದಿಯನ್ನು ಒತ್ತಿ ಒತ್ತಿ ಬಿಟ್ಟ. ನಾನು ಬಗ್ಗಿ ಬುಡದ ಸಂದು ನೋಡಬೇಕು. ಎಡದ್ದು ಅಲ್ಲಾಡಲಿಲ್ಲ. ಬಲದ್ದರ ಸಂದಿನಲ್ಲಿ ಕೂದಲೆಳೆಯಷ್ಟು ಗೆರೆ ಬಾಯಿ ಬಿಟ್ಟು ಮುಚ್ಚಿತು. ಒಂದು ಹನಿ ತುಕ್ಕಿನ ನೀರು ಇಳಿಯಿತು. ಮುದುಕ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದ. ಒಳಗೆ ಹೋಗಿ ನೆಲದ ಹಲಗೆ ಎತ್ತಿದರೆ ಎಡಬದಿಯಲ್ಲಿ ಅಡ್ಡಪಟ್ಟಿ ಹಾಕಿ ಫೈಬರ್‌ಗ್ಲಾಸ್ ಮೆತ್ತಿ ಬಲಪಡಿಸಿದ್ದಾರೆ. ಬಲಬದಿಯಲ್ಲಿ ಇಲ್ಲ! ಹಿಂದಿನ ಯಾರೋ ಒಬ್ಬ ಮಾಲೀಕನಿಗೆ ಅರ್ಧದಲ್ಲೇ ದುಡ್ಡು ಮುಗಿದಿರಬೇಕು, ಇಲ್ಲಾ ಹೆಂಡತಿಯ ಸಹನೆ.

ಇನ್ನೊಂದು ಪಾಠ ಅದೇ ದಿನ. ನೀರು ಒಳಗೆ ಬಿಡುವ ವಾಲ್ವ್‌ಗಳಿಗೆ ಇಲ್ಲಿ ಸೀಕಾಕ್ ಅನ್ನುತ್ತಾರೆ. ಚಾಕುವಿನ ತುದಿಯಿಂದ ಸ್ವಲ್ಪ ಕೆರೆದು ನೋಡಬೇಕು. ಹಳದಿ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಅದು ಸತ್ತ ಹಿತ್ತಾಳೆ. ಉಪ್ಪುನೀರಿನಲ್ಲಿ ಸತು ಕರಗಿ ಬರೀ ತಾಮ್ರದ ಜರಡಿ ಉಳಿದಿದೆ ಅಂತ ಅರ್ಥ. ಕೈಯಲ್ಲಿ ತಿರುಗಿಸಿದರೆ ಮುರಿದು ಬರಬಹುದು. ನಾಲ್ಕರಲ್ಲಿ ಎರಡು ಗುಲಾಬಿ.

ಓಡುವುದು ಹೇಗೆ? ಮಾಲೀಕರು ಒಳ್ಳೆಯವರು, ಕ್ರೇನಿಗೆ ಮುಂಚೆ ಒಂದು ಮಧ್ಯಾಹ್ನ ಪೋರ್ಟ್ಸ್‌ಮತ್ ಎದುರಿನ ಸೊಲೆಂಟ್ ಜಲಸಂಧಿಗೆ ಕರೆದುಕೊಂಡು ಹೋಗಿದ್ದರು. ಗಾಳಿ ಪಕ್ಕದಿಂದ ಬಂದಾಗ ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ, ಹಾಯಾಗಿ. ಗಾಳಿಗೆ ಎದುರು ಏರು ಅಂದರೆ ಮಾತ್ರ ಸೋಮಾರಿ. ಎರಡು ಕೀಲಿನ ದೋಣಿಯ ಜಾತಕವೇ ಅದು. ಫೆರ್ರಿ ಎಬ್ಬಿಸಿದ ಅಲೆಗೆ ಮೂತಿ ಕೊಟ್ಟಾಗ ಧಬಾರ್ ಅಂತು, ಆದರೆ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ಗೆ ನೀರು ಬರಲಿಲ್ಲ. ಇಲ್ಲಿಂದ ಫ್ರಾನ್ಸಿನ ಶೆರ್ಬೂರ್‌ಗೆ ಸುಮಾರು 70 ನಾಟಿಕಲ್ ಮೈಲಿ, ಅಂದರೆ ಇದರಲ್ಲಿ ಹದಿನೈದು ಗಂಟೆ. ರೇಸಿಗೆ ಹೋಗುವವರು ಬೇರೆ ನೋಡಿಕೊಳ್ಳಲಿ. ಊಟ ಮಾಡಿ, ಸರದಿಯಲ್ಲಿ ನಿದ್ದೆ ಮಾಡಿ ನಾಳೆ ಮುಟ್ಟುವವರಿಗೆ ಇದು ಸಾಕು.

ಖರ್ಚಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಮಾರಾಟದ ಜಾಹೀರಾತಿನಲ್ಲಿ ಇದು ಇರುವುದಿಲ್ಲ. ಇದಕ್ಕೆ ಮುಂಚೆ ಒಬ್ಬ ಏಜೆಂಟ್ "ಎಂಜಿನ್ ಹೊಸದರ ಹಾಗಿದೆ" ಅಂದಿದ್ದ. ಹೊಸದಾಗಿದ್ದು ಅದರ ಪೇಂಟ್. ಹೊಸ ಡೀಸೆಲ್ ಎಂಜಿನ್ ಹಾಕಿಸಿದರೆ ದೋಣಿಯ ಬೆಲೆಯನ್ನೇ ಮೀರುತ್ತದೆ. ಹಾಯಿಕಂಬ ಹಿಡಿದಿರುವ ಸ್ಟೀಲ್ ಹಗ್ಗಗಳಿಗೆ ಹತ್ತು ವರ್ಷ ಆಯಿತೆಂದರೆ ವಿಮೆಯವರು ಬದಲಾಯಿಸಿ ಅನ್ನುತ್ತಾರೆ. ಸರ್ವೇಯರ್‌ಗೆ, ಕ್ರೇನಿಗೆ ಬೇರೆ. ಚಾವಣಿಯ ರೆಕ್ಸಿನ್ ವಯಸ್ಸಿಗೆ ಜೋತುಬಿದ್ದಿದೆ. ಅದರ ಹಿಂದಿನ ಸ್ಪಂಜ್ ಮುಟ್ಟಿದರೆ ಕಡಲೆಹಿಟ್ಟಿನ ಹಾಗೆ ತಲೆಮೇಲೆ ಉದುರುತ್ತದೆ. ಇದು ನಾನೇ ಮಾಡುವ ಕೆಲಸ, ಹೆದರಿಕೆ ಇಲ್ಲ. ಗ್ಯಾಸ್ ಮಾತ್ರ ನಾನು ಮುಟ್ಟುವುದಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹೊರಗೆ ಹೋಗದೆ ದೋಣಿಯ ತಳದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಗೂಡಿಗೆ ಹೊರಕ್ಕೆ ತೂತು ಇರಲೇಬೇಕು.

ಹೆಂಡತಿಯನ್ನು ಎರಡನೇ ಸಲ ಕರೆದುಕೊಂಡು ಹೋದೆ. ಅವಳು ಕೀಲ್ ಕೇಳಲಿಲ್ಲ. ಮನೆಯಿಂದ ತಂದ 3 ಲೀಟರ್ ಕುಕ್ಕರ್ ಅನ್ನು ಒಲೆಯ ಮೇಲಿಟ್ಟು ಅಲ್ಲಾಡಿಸಿ ನೋಡಿದಳು. ಮುಚ್ಚಳ ಬಿಗಿ ಇರುವುದರಿಂದ ದೋಣಿ ವಾಲಿದರೂ ಸಾರು ಚೆಲ್ಲುವುದಿಲ್ಲ ಅನ್ನುವುದು ಅವಳ ಲೆಕ್ಕ, ಸರಿಯಾದ ಲೆಕ್ಕ. ಆಮೇಲೆ ಹಾಸಿಗೆಯ ಮೂಲೆ ಮೂಸಿದಳು. "ರೀ, ಇದು ಮಳೆಗಾಲದ ಅಟ್ಟದ ವಾಸನೆ. ಇದು ಹೋಗೋವರೆಗೆ ನಾನು ಇಲ್ಲಿ ಮಲಗಲ್ಲ" ಅಂದಳು. ಕಿಟಕಿಗಳ ರಬ್ಬರ್ ಸತ್ತು ನೀರು ಒಳಗೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಉಸಿರಿನ ತೇವವೇ ಗೋಡೆ ಮೇಲೆ ಹನಿಯಾಗುವ ದೇಶ ಇದು. ಹಾಗಾಗಿ ಚಾವಣಿಗಿಂತ ಮೊದಲು ಕಿಟಕಿ, ಆಮೇಲೆ ಡೀಸೆಲ್ ಹೀಟರ್ ಅಂತ ಪಟ್ಟಿ ತಿದ್ದಿದೆ.

ಬಲಬದಿಯ ಕೀಲ್, ಎರಡು ಸೀಕಾಕ್, ಕಿಟಕಿ ಎಲ್ಲ ಬರೆದು ತೋರಿಸಿ 2,600 ಅಂದೆ. ಮಾಲೀಕರು ಪಟ್ಟಿ ಎರಡು ಸಲ ಓದಿ 2,900ಕ್ಕೆ ಒಪ್ಪಿದರು. ಆ ಸಂಜೆ ಅಲ್ಲೇ ಅವರ ಒಲೆಯಲ್ಲಿ ಚಹಾ ಮಾಡಿದೆ. ನಿಂತುಕೊಂಡೇ.