ಗೆರಿಟ್ ಬಳಸಿದ ಅನುಭವ: ಮೈನಸ್ ಎರಡರ ಭಾರ

ಹತ್ತಾರು ಜನ ಸೇರಿ ಬರೆಯುವ ತಂತ್ರಾಂಶದಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವ ತನಕ ಅದು ಎಲ್ಲರಿಗೂ ಆಧಾರವಾದ ಮೂಲ ಪ್ರತಿಗೆ, ಅಂದರೆ ಮುಖ್ಯ ಕವಲಿಗೆ, ಸೇರಬಾರದು ಎಂಬ ನಿಯಮವನ್ನು ಗೆರಿಟ್‌ನಷ್ಟು ಕಟ್ಟುನಿಟ್ಟಾಗಿ ನಡೆಸುವ ಇನ್ನೊಂದು ಸಲಕರಣೆಯನ್ನು ನಾನು ಬಳಸಿಲ್ಲ. ಆಂಡ್ರಾಯ್ಡ್ ಯೋಜನೆಗಾಗಿ ಗೂಗಲ್‌ನಲ್ಲಿ ಹುಟ್ಟಿ, ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ ಅವರ ಹೆಸರು ಹೊತ್ತಿರುವ ಈ ಮುಕ್ತ ತಂತ್ರಾಂಶವನ್ನು ಕ್ರೋಮಿಯಂ, ಲಿಬ್ರೆಆಫೀಸ್, ಕ್ಯೂಟಿ ಯೋಜನೆಗಳೂ ನೆಚ್ಚಿಕೊಂಡಿವೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಕೋಡ್ ಕೂಡ ಇಲ್ಲೇ ಪರಿಶೀಲನೆಗೆ ಬರುವುದರಿಂದ, ಕನ್ನಡ ವಿಕಿಪೀಡಿಯದ ಸಂರಚನೆಯಲ್ಲಿ ಒಂದು ಸಾಲು ಬದಲಾಗಬೇಕೆಂದರೂ ಆ ತಿದ್ದುಪಡಿ, ಅಂದರೆ ಪ್ಯಾಚ್, ಗೆರಿಟ್ ದಾಟಿಯೇ ಹೋಗಬೇಕು. ಇದರ ವೇಗ, ಪುಟದ ವಿನ್ಯಾಸ, ಅಳವಡಿಕೆಯ ಬಗ್ಗೆ ಬೇಕಾದಷ್ಟು ಬರೆಯಬಹುದು. ನನ್ನ ಆಸಕ್ತಿ ಇರುವುದು ಒಂದೇ ವಿಷಯದಲ್ಲಿ. ಜೊತೆಯಾಗಿ ಕೆಲಸ ಮಾಡುವವರ ನಡುವಿನ ಕಟುವಾದ ಟೀಕೆಗೆ ಈ ಸಲಕರಣೆ ಎಷ್ಟು ಜಾಗ ಕೊಡುತ್ತದೆ, ಎಲ್ಲಿ ತಡೆಯುತ್ತದೆ?

ಗೆರಿಟ್‌ನಲ್ಲಿ ಪರಿಶೀಲಕರ ತೀರ್ಪು ಮೈನಸ್ ಎರಡರಿಂದ ಪ್ಲಸ್ ಎರಡರವರೆಗಿನ ಅಂಕವಾಗಿ ದಾಖಲಾಗುತ್ತದೆ. ಪ್ಲಸ್ ಒಂದು ಎಂದರೆ ನನಗೆ ಸರಿ ಕಂಡಿದೆ, ಆದರೆ ಬೇರೊಬ್ಬರು ಒಪ್ಪಬೇಕು ಎಂದರ್ಥ. ಮೈನಸ್ ಒಂದು ಈಗಿರುವಂತೆ ಸೇರಿಸದಿದ್ದರೆ ಒಳ್ಳೆಯದು ಎಂಬ ಅಭಿಪ್ರಾಯ ಮಾತ್ರ. ಅದೊಂದೇ ಯಾವ ಪ್ಯಾಚನ್ನೂ ತಡೆಯಲಾರದು. ಮೈನಸ್ ಎರಡು ಹಾಗಲ್ಲ. ಅದು ಬಾಗಿಲಿಗೆ ಹಾಕಿದ ಬೀಗ. ಬೇರೆ ಎಷ್ಟು ಜನ ಪ್ಲಸ್ ಎರಡು, ಅಂದರೆ ಸೇರಿಸಲು ಪೂರ್ಣ ಒಪ್ಪಿಗೆ, ಕೊಟ್ಟರೂ ಅದು ತೆರೆಯುವುದಿಲ್ಲ, ಮತ್ತು ಸಾಮಾನ್ಯ ಏರ್ಪಾಡಿನಲ್ಲಿ ನೀವು ಕೋಡನ್ನು ತಿದ್ದಿ ಹೊಸ ಆವೃತ್ತಿ ಕಳಿಸಿದರೂ ಆ ಅಂಕ ಅದರ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಕೊಟ್ಟವರೇ ಬಂದು ಹಿಂತೆಗೆದುಕೊಳ್ಳಬೇಕು, ಇಲ್ಲವೇ ಅಧಿಕಾರವಿರುವ ಆಡಳಿತಗಾರರು ತೆಗೆಯಬೇಕು.

ಇಷ್ಟು ಭಾರದ ಅಂಕಕ್ಕೆ ಕಾರಣ ಬರೆಯಲೇಬೇಕೆಂಬ ಒತ್ತಾಯವನ್ನು ಮಾತ್ರ ಗೆರಿಟ್ ತಾನಾಗಿ ಮಾಡುವುದಿಲ್ಲ. ಇದೇ ನನ್ನ ದೊಡ್ಡ ಆಕ್ಷೇಪ. ಒಂದು ಮುಕ್ತ ಯೋಜನೆಗೆ ನಾನು ಮೊದಲ ಬಾರಿ ಕಳಿಸಿದ ಪ್ಯಾಚ್ ಯೂನಿಕೋಡ್ ಪಠ್ಯವನ್ನು ತುಂಡರಿಸುವ ಒಂದು ಫಂಕ್ಷನ್‌ಗೆ ಸಂಬಂಧಿಸಿತ್ತು. ಹಳೆಯ ಕೋಡ್ ‘ಕ್ಷ’ದಂಥ ಒತ್ತಕ್ಷರವನ್ನು ಅಕ್ಷರಗಳನ್ನು ಕೂಡಿಸುವ ಹಲಂತ ಚಿಹ್ನೆಯ ಬಳಿ ಕತ್ತರಿಸಿ ‘ಕ್’ ಅನ್ನು ಒಂದು ಸಾಲಿನಲ್ಲೂ ‘ಷ’ವನ್ನು ಮುಂದಿನ ಸಾಲಿನಲ್ಲೂ ಬಿಡುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಕೆಂಪು ಬಣ್ಣದ ಮೈನಸ್ ಎರಡು, ಅದರ ಕೆಳಗೆ ಕೋಡಿನ ಬಗ್ಗೆ ಒಂದಕ್ಷರವೂ ಇಲ್ಲದೆ, ಬರೆದವರಿಗೆ ಬುದ್ಧಿಯಿಲ್ಲ ಎನ್ನುವ ಒಂದು ಸಾಲು. ತಪ್ಪು ನಿಜಕ್ಕೂ ಇತ್ತು: ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಕೋಡನ್ನು ನಾನು ಬರೆದಿರಲಿಲ್ಲ, ಮೇಲಾಗಿ ಅದೇ ಕೆಲಸ ಮಾಡುವ ಸಿದ್ಧ ಕೋಡಿನ ಸಂಗ್ರಹ (ಲೈಬ್ರರಿ) ಆ ಯೋಜನೆಯಲ್ಲಿ ಆಗಲೇ ಇತ್ತು. ಅದನ್ನು ತಿಳಿಸಿದವರು ಮೂರು ವಾರಗಳ ನಂತರ ಬಂದ ಇನ್ನೊಬ್ಬ ಪರಿಶೀಲಕರು. ಅವರೂ ಒಪ್ಪದೆ ಮೈನಸ್ ಒಂದು ಕೊಟ್ಟರು, ಆದರೆ ಯಾವ ಸಾಲು, ಏಕೆ, ಬದಲಿಗೆ ಏನು ಎಂಬುದನ್ನೆಲ್ಲ ಬರೆದರು. ಇಬ್ಬರೂ ನನ್ನ ಪ್ಯಾಚನ್ನು ತಿರಸ್ಕರಿಸಿದವರೇ. ನಾನು ಕೋಡ್ ತಿದ್ದಲು ಕುಳಿತದ್ದು ಎರಡನೆಯವರ ಮಾತು ಓದಿದ ಮೇಲೆ.

ಇದೇ ಗೆರಿಟ್‌ನಲ್ಲಿ ಮನಸಾರೆ ಮೆಚ್ಚಬೇಕಾದ ಸೌಲಭ್ಯವೂ ಒಂದಿದೆ. ಸಾಲಿನ ಪಕ್ಕ ಬರೆದ ಟಿಪ್ಪಣಿ ಕೂಡಲೇ ಯಾರಿಗೂ ಹೋಗುವುದಿಲ್ಲ. ಕರಡಾಗಿ ಉಳಿದು, ಕೊನೆಯಲ್ಲಿ ಕಳಿಸುವ ಗುಂಡಿ ಒತ್ತಿದಾಗ ಎಲ್ಲವೂ ಒಟ್ಟಿಗೆ ಪ್ರಕಟವಾಗುತ್ತವೆ. ಮೂವತ್ತನೆಯ ಸಾಲಿನಲ್ಲಿ ‘ಇದೇನು ಅವಾಂತರ’ ಎಂದು ಬರೆದವನಿಗೆ ಇನ್ನೂರನೆಯ ಸಾಲಿಗೆ ಬರುವಷ್ಟರಲ್ಲಿ ಆ ಕೋಡ್ ಹಾಗಿರಲು ಕಾರಣ ಸಿಕ್ಕಿರುತ್ತದೆ. ಹೀಗೆ ನಾನು ಅಳಿಸಿದ ಕರಡುಗಳು ಬಹಳ. ಮೊದಲು ಬರೆದಂತೆಯೇ ಅವು ಹೋಗಿದ್ದರೆ ಆ ಪ್ಯಾಚಿನ ಇತಿಹಾಸದಲ್ಲಿ ಇಂದಿಗೂ ಎಲ್ಲರ ಕಣ್ಣಿಗೆ ಬೀಳುತ್ತಿದ್ದವು.

ಖಾರವಾಗಿ ಬೈಯದಿದ್ದರೆ ಗುಣಮಟ್ಟ ಉಳಿಯುವುದಿಲ್ಲ ಎಂದು ವಾದಿಸುವವರು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಪರಿಶೀಲನೆ ನಡೆಯುವುದು ಗೆರಿಟ್‌ನಲ್ಲಲ್ಲ, ಇಮೇಲ್‌ನಲ್ಲಿ. ಆದರೆ ಅದೇ ಕರ್ನಲ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2018ರ ಸೆಪ್ಟೆಂಬರ್ 16ರಂದು ತಮ್ಮ ನಡವಳಿಕೆಗಾಗಿ ಬಹಿರಂಗವಾಗಿ ಕ್ಷಮೆ ಕೋರಿ ಕೆಲವು ವಾರ ಕೆಲಸದಿಂದ ದೂರ ಸರಿದರು. ಅದೇ ದಿನಗಳಲ್ಲಿ ಯೋಜನೆ ಹೊಸ ನೀತಿಸಂಹಿತೆಯನ್ನು ಒಪ್ಪಿಕೊಂಡಿತು. ಹಾಗೆಂದು ಕೆಲಸ ನಿಲ್ಲಲಿಲ್ಲ. ಆಗ ತಯಾರಾಗುತ್ತಿದ್ದ 4.19 ಆವೃತ್ತಿಯನ್ನು ಲಿನಸ್ ಬದಲಿಗೆ ಹೊಣೆ ಹೊತ್ತ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅಕ್ಟೋಬರ್‌ನಲ್ಲಿ ಹೊರತಂದರು, ಮತ್ತು ಆ ಆವೃತ್ತಿ 2024ರ ಡಿಸೆಂಬರ್‌ವರೆಗೆ ದೀರ್ಘಾವಧಿ ಬೆಂಬಲ ಪಡೆಯಿತು. ಕರ್ನಲ್‌ನಲ್ಲಿ ಕೆಟ್ಟ ಪ್ಯಾಚುಗಳನ್ನು ಇಂದಿಗೂ ಮುಲಾಜಿಲ್ಲದೆ ತಿರಸ್ಕರಿಸುತ್ತಾರೆ, ಅದು ಸರಿಯೂ ಹೌದು. ಕೋಟಿಗಟ್ಟಲೆ ಯಂತ್ರಗಳಲ್ಲಿ ಓಡುವ ಕೋಡಿಗೆ ದಾಕ್ಷಿಣ್ಯಕ್ಕೆ ಪ್ಲಸ್ ಎರಡು ಕೊಡುವುದು ಬೈಗುಳಕ್ಕಿಂತ ಕಡಿಮೆ ಅಪರಾಧವಲ್ಲ ಎಂದೇ ನಾನು ನಂಬಿದ್ದೇನೆ.

ಗೆರಿಟ್ ಕಲಿಯಲು ಹೊಸಬರಿಗೆ ಸ್ವಲ್ಪ ಕಷ್ಟ. ದಾಖಲಿಸುವ ಪ್ರತಿ ಬದಲಾವಣೆಗೂ, ಅಂದರೆ ಪ್ರತಿ ಕಮಿಟ್‌ಗೂ ಬೇಕಾದ ಚೇಂಜ್-ಐಡಿ ಎಂಬ ಗುರುತಿನ ಸಾಲು ಮೊದಲ ದಿನ ಎಲ್ಲರನ್ನೂ ಕಾಡುತ್ತದೆ. ಆದರೂ ಐದಾರು ಜನರಿಗಿಂತ ದೊಡ್ಡ ತಂಡಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಗೆರಿಟ್ ಒತ್ತಾಯಿಸದ ನಿಯಮವನ್ನು ನಮ್ಮ ತಂಡದಲ್ಲಿ ನಾವೇ ಮಾಡಿಕೊಂಡಿದ್ದೇವೆ. ಮೈನಸ್ ಎರಡು ಕೊಡುವ ಹಕ್ಕು ಮೂವರಿಗೆ ಮಾತ್ರ ಇದೆ, ಅದರ ಜೊತೆ ಯಾವ ಸಾಲಿನಲ್ಲಿ ಏನು ಕೆಡುತ್ತದೆ ಎಂದು ಬರೆಯಲೇಬೇಕು, ಬರೆಯದಿದ್ದರೆ ಅದೇ ಸಂಜೆಯೊಳಗೆ ಆ ಅಂಕವನ್ನು ತೆಗೆಯಬೇಕು.