ಅಮ್ಮನ ಜೊತೆ ಪುತ್ತೂರಿಗೆ: ಬಸ್ಸು, ವಿಮಾನ, ರೈಲು

ನನ್ನ ಅಮ್ಮನಿಗೆ ಪ್ರಯಾಣ ಅಂದರೆ ಭಯ. ಗಾಡಿ ಸ್ವಲ್ಪ ವಾಲಿದರೂ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಾರೆ. ಆದರೂ ಬೆಂಗಳೂರಿಂದ ಪುತ್ತೂರಿನ ಚಿಕ್ಕಮ್ಮನ ಮನೆಗೆ ವರ್ಷಕ್ಕೆ ಒಂದೆರಡು ಸಲ ಹೋಗಲೇಬೇಕು. ಮೂರು ದಾರಿಯನ್ನೂ ನೋಡಿದ್ದಾಯಿತು. ಈಗ ಹಗಲಿನ ರೈಲು ಬಿಟ್ಟು ಬೇರೆ ಯಾವುದಕ್ಕೂ ನಾನು ಟಿಕೆಟ್ ಮಾಡಿಸುವುದಿಲ್ಲ.

ಮೊದಲು ಬಸ್ಸಿನ ವಿಷಯ. ನಾನು ತಪ್ಪು ಲೆಕ್ಕ ಹಾಕಿದ್ದು ಅಲ್ಲೇ. ರಾತ್ರಿ ಸ್ಲೀಪರ್‌ನಲ್ಲಿ ಮಲಗಿಬಿಟ್ಟರೆ ಶಿರಾಡಿ ಘಾಟಿ ಕಣ್ಣಿಗೇ ಬೀಳುವುದಿಲ್ಲ, ಏಳುವಷ್ಟರಲ್ಲಿ ಪುತ್ತೂರು ಬಂದಿರುತ್ತೆ ಅಂದುಕೊಂಡಿದ್ದೆ. ಕೆಳಗಿನ ಡಬಲ್ ಬರ್ತ್ ಹಿಡಿದೆ. ವಾಂತಿ ಮಾತ್ರೆ, ಶಾಲು, ದಿಂಬು ಎಲ್ಲ ಇಟ್ಟುಕೊಂಡಿದ್ದೆ. ಒಂದನ್ನು ಮಾತ್ರ ಯೋಚಿಸಿರಲಿಲ್ಲ.

ಬಸ್ಸು ಹೊರಟ ಮೇಲೆ ಮಾತ್ರೆ ನುಂಗಲು ನೀರಿನ ಬಾಟಲಿ ಕೊಟ್ಟೆ. ಅಮ್ಮ ಒಂದೇ ಗುಟುಕು ಕುಡಿದು ವಾಪಸ್ ಕೊಟ್ಟರು. ಮಧ್ಯಾಹ್ನದಿಂದಲೇ ನೀರು ಬಿಟ್ಟಿದ್ದರಂತೆ. "ಮಧ್ಯದಲ್ಲಿ ಅರ್ಜೆಂಟ್ ಆದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಲ್ಲಿ ಶೌಚಾಲಯ ಇರಲಿಲ್ಲ.

ಹನ್ನೊಂದೂವರೆಗೆ ಒಂದು ಹೋಟೆಲ್ ಮುಂದೆ ನಿಲ್ಲಿಸಿದರು. ಹತ್ತು ನಿಮಿಷ ಅಂದರು. ಹಿಂದೆ ಇದ್ದ ಶೌಚಾಲಯಕ್ಕೆ ಚಿಲಕ ಇಲ್ಲ, ಬಲ್ಬೂ ಇಲ್ಲ. ನಾನು ಮೊಬೈಲ್ ಬೆಳಕು ಹಿಡಿದು ಬಾಗಿಲಿಗೆ ಒರಗಿ ನಿಂತೆ. ಅಷ್ಟರಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ನಮ್ಮದೇ ಹೊರಟಿತು ಅಂತ ಅಮ್ಮ ಗಾಬರಿಯಾಗಿ ಹಾಗೇ ಹೊರಗೆ ಬಂದುಬಿಟ್ಟರು. ನಮ್ಮ ಬಸ್ಸು ಆಮೇಲೆ ಇನ್ನೂ ಕಾಲು ಗಂಟೆ ಅಲ್ಲೇ ನಿಂತಿತ್ತು.

ಸಕಲೇಶಪುರ ದಾಟಿದ ಮೇಲೆ ಅಮ್ಮನಿಗೆ ತಡೆಯಲಾಗಲಿಲ್ಲ. ಡ್ರೈವರ್ ಕ್ಯಾಬಿನ್ ಬಾಗಿಲು ತಟ್ಟಿದೆ. "ಘಾಟಿಲಿ ನಿಲ್ಸೋಕಾಗಲ್ಲ ಮೇಡಂ, ಗುಂಡ್ಯದಲ್ಲಿ ನೋಡೋಣ" ಅಂದರು. ಅವರು ಹೇಳಿದ್ದು ಸರಿಯೇ, ಆ ತಿರುವುಗಳಲ್ಲಿ ಎಲ್ಲಿ ನಿಲ್ಲಿಸಲಿ? ಅಮ್ಮ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ಪರದೆ ಹಿಡಿದು ಬಗ್ಗಿ ಕೂತೇ ಇದ್ದರು. ಹೊರಗೆ ಏನೂ ಕಾಣುವುದಿಲ್ಲ. ಪ್ರತಿ ತಿರುವಿಗೂ "ಬಸ್ಸು ಎತ್ತ ಹೋಗ್ತಿದೆ?" ಅಂತ ಕೇಳುತ್ತಿದ್ದರು. ಘಾಟಿ ಕಾಣದಿದ್ದರೆ ಒಳ್ಳೆಯದು ಅಂದುಕೊಂಡಿದ್ದೆನಲ್ಲ, ಕಾಣದೇ ಇದ್ದದ್ದೇ ಅವರಿಗೆ ಜಾಸ್ತಿ ಕಷ್ಟವಾಯಿತು.

ವಿಮಾನ ಮಂಗಳೂರಿನ ತನಕ ಒಂದು ಗಂಟೆಯ ಪ್ರಯಾಣ. ಆದರೆ ಅಮ್ಮ ಹಿಂದಿನ ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಂಗಳೂರಿನದು ಗುಡ್ಡದ ಮೇಲಿನ ರನ್‌ವೇ. 2010ರ ಮೇ 22ರಂದು ಅಲ್ಲಿ ವಿಮಾನ ಅಪಘಾತದಲ್ಲಿ 158 ಜನ ತೀರಿಕೊಂಡರು. ಆ ದಿನ ಟಿ.ವಿ.ಯಲ್ಲಿ ನೋಡಿದ್ದನ್ನು ಅವರು ಮರೆತಿಲ್ಲ, ಮರೆಯಿರಿ ಅಂತ ನಾನು ಹೇಗೆ ಹೇಳಲಿ? ಇಳಿಯುವಾಗ ನನ್ನ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅವರ ಬಳೆಯ ಗುರುತು ಸಂಜೆಯ ತನಕ ಇತ್ತು. ಇಳಿದ ಮೇಲೆ ಪುತ್ತೂರಿಗೆ ಮತ್ತೆ ಟ್ಯಾಕ್ಸಿ. ಇಬ್ಬರಿಗೂ ಸೇರಿ 11,000 ರೂಪಾಯಿ ದಾಟಿತು.

ಇನ್ನು ರೈಲು. ಬೆಳಿಗ್ಗೆ 7ಕ್ಕೆ ಯಶವಂತಪುರ ಬಿಡುವ ಗೋಮಟೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಸೆಕೆಂಡ್ ಸಿಟಿಂಗ್. ಇಬ್ಬರಿಗೂ 500 ರೂಪಾಯಿಯೊಳಗೆ ಮುಗಿಯಿತು. ಶೌಚಾಲಯ ಕಣ್ಣೆದುರೇ ಇದೆ. ಅಮ್ಮ ಹತ್ತಿದ ಕೂಡಲೇ ಹೋಗಿ ಚಿಲಕ ಹಾಕಿ ತೆಗೆದು ನೋಡಿ ಬಂದರು. ಆಮೇಲೆ ಫ್ಲಾಸ್ಕ್ ತೆಗೆದು ಕಾಫಿ ಕುಡಿದರು! ಪ್ರಯಾಣದಲ್ಲಿ ಅವರು ನಿಶ್ಚಿಂತೆಯಿಂದ ಏನಾದರೂ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಘಾಟಿಯ ಬಗ್ಗೆ ಈ ಸಲ ಮೊದಲೇ ಎಲ್ಲ ಹೇಳಿದ್ದೆ. ಸಕಲೇಶಪುರದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತೆ, ಇಳಿಜಾರಿಗೆ ಮುಂಚೆ ಬ್ರೇಕ್ ಪರೀಕ್ಷೆ ಮಾಡುತ್ತಾರೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ವೇಗ ಗಂಟೆಗೆ 30 ಕಿ.ಮೀ. ಮಾತ್ರ. ಹೇಳಿದ ಹಾಗೇ ಸಕಲೇಶಪುರದಲ್ಲಿ ನಿಂತಿತು. "ಬ್ರೇಕ್ ನೋಡ್ತಿದ್ದಾರೆ ಅಲ್ವಾ?" ಅಂತ ಅಮ್ಮನೇ ಕೇಳಿದರು. ಮೊದಲ ಸುರಂಗದಲ್ಲಿ ನನ್ನ ಕೈ ಹಿಡಿದರು. ಐದಾರು ಆದ ಮೇಲೆ ಕೈ ಬಿಟ್ಟು ಹೆಬ್ಬೆರಳಿನಲ್ಲಿ ಬೆರಳ ಗೆಣ್ಣು ಎಣಿಸತೊಡಗಿದರು. ಎಡಕುಮೇರಿ ಹತ್ತಿರ ಬಂಡೆ ಮೇಲಿಂದ ನೀರು ಇಳಿಯುವುದು ನೋಡುತ್ತಾ ಲೆಕ್ಕ ತಪ್ಪಿತು. ನನಗೂ ತಪ್ಪಿತು, ನಾನು ಅವರ ಮುಖ ನೋಡುತ್ತಿದ್ದೆ.

ಇದೇ ರೈಲಿನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆ. ಕಣಿವೆ ಅಷ್ಟೊಂದು ಕಾಣುವುದು ಅಮ್ಮನಿಗೆ ಬೇಡ, ನನ್ನ ಜೇಬಿಗೂ ಬೇಡ.

ರೈಲಿನ ತೊಂದರೆ ಅಂದರೆ ಅರ್ಧಕ್ಕಿಂತ ಜಾಸ್ತಿ ಹಗಲು ಅದಕ್ಕೇ ಹೋಗುತ್ತೆ. ನನಗೆ ಒಂದು ರಜೆ ಖರ್ಚು. ಗೋಮಟೇಶ್ವರ ಓಡುವುದೂ ವಾರಕ್ಕೆ ಮೂರೇ ದಿನ. ಕೆಲಸಕ್ಕೆ ರಜೆ ಸಿಗದವರು, ಒಬ್ಬರೇ ಹೋಗುವವರು ಬಸ್ಸಿಗೇ ಹೋಗಲಿ. ಭಯ ಇರುವವರು ಜೊತೆಗಿದ್ದರೆ ಆ ಒಂದು ರಜೆ ಕೊಟ್ಟುಬಿಡಿ. 60 ದಿನ ಮೊದಲೇ ಬುಕಿಂಗ್ ಶುರುವಾಗುತ್ತೆ. ಶೌಚಾಲಯದ ಕಡೆಯ ತುದಿ ಸೀಟು ನೋಡಿಕೊಳ್ಳಿ.

ಮಳೆ ಜೋರಾದಾಗ ಈ ಘಾಟಿಯಲ್ಲಿ ಹಳಿ ಮೇಲೆ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಹಾಗಾಗಿ ಜುಲೈ, ಆಗಸ್ಟಿನಲ್ಲಿ ನಾವು ಹೊರಡುವುದಿಲ್ಲ. ಆಗ ಚಿಕ್ಕಮ್ಮನೇ ಇಲ್ಲಿಗೆ ಬರುತ್ತಾರೆ, ರಾತ್ರಿ ಬಸ್ಸಿನಲ್ಲಿ. ಅವರಿಗೆ ಹತ್ತಿದ ಕೂಡಲೇ ನಿದ್ದೆ.