ಇಕ್ಕೇರಿ ಅಘೋರೇಶ್ವರ: ಕಣ್ಣು ನೆಲದ ಮೇಲಿರಲಿ

ಸಾಗರದಿಂದ ಇಕ್ಕೇರಿಗೆ ಸುಮಾರು 6 ಕಿ.ಮೀ. ಜೋಗಕ್ಕೆ ಹೊರಟವರು ನಡುವೆ ಇತ್ತ ತಿರುಗಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಅಷ್ಟು ಸಾಲದು. ಈ ದೇವಸ್ಥಾನಕ್ಕೆ ಎರಡು ಗಂಟೆಯಾದರೂ ಕೊಡಬೇಕು, ಅದರಲ್ಲಿ ಅರ್ಧ ನೆಲ ನೋಡುವುದಕ್ಕೇ ಬೇಕು.

ಕೆಳದಿ ಅರಸರು 16ನೇ ಶತಮಾನದಲ್ಲಿ ರಾಜಧಾನಿಯನ್ನು ಕೆಳದಿಯಿಂದ ಇಲ್ಲಿಗೆ ತಂದರು, ಮುಂದಿನ ಶತಮಾನದಲ್ಲಿ ಬಿದನೂರಿಗೆ ಒಯ್ದರು. ಆ ವೈಭವದಲ್ಲಿ ಗಟ್ಟಿಯಾಗಿ ಉಳಿದಿರುವುದು ಇದೊಂದೇ. ಕಟ್ಟಿದ್ದು ಗ್ರಾನೈಟಿನಲ್ಲಿ. ಆದ್ದರಿಂದ ಬೇಲೂರಿನ ಬಳಪದ ಕಲ್ಲಿನ ನಯ ಇಲ್ಲಿ ಹುಡುಕಬೇಡಿ. ಕಲ್ಲು ಗಡಸು, ಗೆರೆಗಳು ದಪ್ಪ. ಚೆಲುವಿರುವುದು ಅಳತೆಯ ಹದದಲ್ಲಿ, ವಿಶಾಲವಾದ ಮುಖಮಂಟಪದಲ್ಲಿ, ಕೆತ್ತನೆಯ ಕಂಬಗಳಲ್ಲಿ. ವಿಜಯನಗರದ ಕಂಬಗಳ ಜೊತೆಗೆ ಹೊಯ್ಸಳರ ನೆನಪು ತರುವ ಗೋಡೆಗಳೂ ಸೇರಿವೆ. ಹಾಗಾಗಿ ಇದಕ್ಕೆ ಒಂದೇ ಶೈಲಿಯ ಹೆಸರು ಅಂಟಿಸಲು ಹೋಗದಿರುವುದೇ ಒಳ್ಳೆಯದು.

ಮುಖಮಂಟಪದ ನೆಲದಲ್ಲಿ ಮೂವರು ಕೆಳದಿ ಅರಸರು ದೇವರಿಗೆ ಅಡ್ಡಬಿದ್ದಿರುವ ಉಬ್ಬುಚಿತ್ರಗಳಿವೆ, ಒಬ್ಬೊಬ್ಬರ ತಲೆಯ ಮೇಲೂ ಹೆಸರು ಕೊರೆದಿದೆ. ಒಬ್ಬನ ಕೈಕಾಲಿಗೆ ಸಂಕೋಲೆ. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚುಗಳಲ್ಲಿ ಊರೊಡೆಯನ ಕಲ್ಲಿನ ಪ್ರತಿಮೆ ಕೈಜೋಡಿಸಿ ತನ್ನ ಸಮಾಧಿಯ ಮೇಲೆ ಅಂಗಾತ ಮಲಗಿರುತ್ತದೆ, ಎದುರು ನಿಂತವರು ಅದನ್ನೇ ನೋಡಬೇಕು. ಇಲ್ಲಿ ಅರಸ ಬೋರಲಾಗಿದ್ದಾನೆ, ಗುಡಿಗೆ ಬಂದವರ ಕಾಲಡಿಯಲ್ಲೇ ಇದ್ದಾನೆ. ತುಳಿಯದೆ ಬದಿಯಿಂದ ಹೋಗಿ. ಅಕ್ಷರ ಓದಲು ಸೀಮೆಸುಣ್ಣ, ಕುಂಕುಮ, ನೀರು ಏನೂ ಹಾಕಬೇಡಿ, ಪುಡಿ ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಟಾರ್ಚನ್ನು ನೆಲಕ್ಕೆ ತಾಗಿಸುವಷ್ಟು ತಗ್ಗಿಸಿ ಒಂದು ಬದಿಯಿಂದ ಬಿಟ್ಟರೆ ಸಾಕು, ನೆರಳು ಬಿದ್ದು ಕೊರೆತ ತಾನಾಗಿ ಕಾಣುತ್ತದೆ. ಮೇಲಿನಿಂದ ನೇರ ಬೆಳಕು ಹಾಯಿಸಿದರೆ ಎಲ್ಲವೂ ಚಪ್ಪಟೆಯಾಗಿ ಏನೂ ಕಾಣದು. ಮೊಬೈಲ್ ಫ್ಲ್ಯಾಶಿನ ಫೋಟೊಗಳು ಕೆಡುವುದೂ ಇದಕ್ಕೇ.

ಅಡಿಕೆ ಸೀಮೆಯವರು ತಪ್ಪದೆ ನೋಡಬೇಕಾದದ್ದು ಇನ್ನೊಂದಿದೆ. ನಡುವಿನ ಕಂಬಗಳ ಅಂತರ 18 ಅಡಿ 6 ಅಂಗುಲ. ತೋಟದ ಜಮೀನು ಅಳೆಯಲು ಇದನ್ನೇ ಪ್ರಮಾಣವಾಗಿ ಇಟ್ಟುಕೊಂಡಿದ್ದರು, ಅಷ್ಟು ಉದ್ದದ ಕೋಲನ್ನು ತಳಪಾಯದ ಕಲ್ಲಿನ ಮೇಲೆ ಗುರುತಿಸಿದ್ದರು. ಗುಡಿಯ ಅಳತೆಯೇ ತೆರಿಗೆಯ ಅಳತೆ! ಕೆಳದಿಯ ಅರಸ ಶಿವಪ್ಪನಾಯಕನ ‘ಶಿಸ್ತಿ’ನ, ಅಂದರೆ ಅವನ ಭೂಕಂದಾಯ ಪದ್ಧತಿಯ, ಮಾತು ಕೇಳಿ ಬೆಳೆದವರಿಗೆ ಇದಕ್ಕಿಂತ ದೊಡ್ಡ ಶಾಸನ ಬೇಕಿಲ್ಲ. ಅಳೆದು ನೋಡುವ ಆಸೆಯಿದ್ದರೆ 5 ಮೀಟರ್ ಟೇಪು ಸಾಲದು, ಅಂತರ 5.64 ಮೀಟರ್ ಆಗುತ್ತದೆ. 7.5 ಮೀಟರಿನದು ತನ್ನಿ, ಕಂಬಕ್ಕೆ ಕೊಕ್ಕೆ ಸಿಕ್ಕಿಸದೆ ಇಬ್ಬರು ಹಿಡಿದು ಅಳೆಯಿರಿ.

ಗರ್ಭಗುಡಿಯ ಮುಕ್ಕಾಲು ಪಾಲನ್ನು ಪೀಠವೇ ತುಂಬಿಕೊಂಡಿದೆ. ಅದರ ಸುತ್ತ ಕುಳಿತಿರುವ 32 ಸ್ತ್ರೀ ವಿಗ್ರಹಗಳು. ಒಳಗೆ ಹೋಗುವಂತಿಲ್ಲ, ಮಂಗಳಾರತಿಯ ಬೆಳಕಿನಲ್ಲಿ ಕಂಡಷ್ಟು ನೋಡಬೇಕು. ಗರ್ಭಗುಡಿಯ ಮುಂದಿನ ಕೋಣೆ, ಅಂದರೆ ಸುಕನಾಸಿಯ ಬಾಗಿಲ ಬಲಕ್ಕೆ ಗಣಪತಿ, ಕಾರ್ತಿಕೇಯ. ಎಡಕ್ಕೆ ಮಹಿಷಾಸುರಮರ್ದಿನಿ, ಭೈರವ. ಎದುರಿನ ನಂದಿಮಂಟಪಕ್ಕೆ ಏಳು ಕಮಾನು. ಪಕ್ಕದಲ್ಲಿ ಪಾರ್ವತಿಯ ಗುಡಿ.

ಹೊತ್ತಿನ ವಿಚಾರ. ಗುಡಿ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಮುಂಭಾಗ ದಿನವಿಡೀ ನೆರಳು. ಪೂರ್ವದ ಗೋಡೆಯನ್ನು ಬೆಳಿಗ್ಗೆ 10ರೊಳಗೆ, ಪಶ್ಚಿಮದ್ದನ್ನು ಮಧ್ಯಾಹ್ನ 3.30ರ ಮೇಲೆ ನೋಡಿ. ಓರೆ ಬಿಸಿಲಿಗೆ ಶಿಲ್ಪಗಳು ಎದ್ದು ಬರುತ್ತವೆ. ನಡು ಮಧ್ಯಾಹ್ನ ಬಂದರೆ ಅಂಗಾಲು ಸುಡುತ್ತದೆ, ಕೆತ್ತನೆಯೂ ಮಂಕಾಗಿರುತ್ತದೆ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ ಹಿಡಿದು ಜಾರುತ್ತದೆ, ಹುಲ್ಲಿನಲ್ಲಿ ಇಂಬಳ (ಜಿಗಣೆ). ವಯಸ್ಸಾದವರನ್ನು ಕರೆತರುವುದಾದರೆ ನವೆಂಬರ್‌ನಿಂದ ಫೆಬ್ರವರಿ ಸರಿ.

ರೈಲಿನಲ್ಲಿ ಬರುವವರು ಸಾಗರ ಜಂಬಗಾರು ನಿಲ್ದಾಣದಲ್ಲಿಳಿದು, ಹೋಗಿ ಬರುವುದಕ್ಕೆ ಸೇರಿಸಿಯೇ ಆಟೊ ಮಾತಾಡಿ. ಊಟ ತಿಂಡಿ ಸಾಗರದಲ್ಲೇ ಮುಗಿಸಿ. ಕೆಳದಿ ಇರುವುದು ಸಾಗರ ಪೇಟೆಯ ಆಚೆ ಬದಿಗೆ. ಅಲ್ಲಿನ ವೀರಭದ್ರ ಗುಡಿಯ ಮಾಡಿನಲ್ಲಿ ಗಂಡಭೇರುಂಡವಿದೆ, ಅದಕ್ಕೆ ಕತ್ತೆತ್ತಬೇಕು. ಒಂದೇ ದಿನ ಎರಡನ್ನೂ ನೋಡುವುದಾದರೆ ಬೆಳಿಗ್ಗೆ ಕೆಳದಿ, ಇಳಿಹೊತ್ತಿಗೆ ಇಕ್ಕೇರಿ.